ಲಾಬುದನ ಐದನೆಯ ಹೆಣ್ಣು

ನಮ್ಮ ಸುಹೊದೋಲ್ ಊರಿನಲ್ಲಿ ಯಾರನ್ನಾದರೂ ಎಷ್ಟು ಮಕ್ಕಳು ಎಂದು ಕೇಳಿದರೆ ಗಂಡುಮಕ್ಕಳನ್ನಷ್ಟೇ ಎಣಿಸಿ ಹೇಳುತ್ತಾರೆ. ಲಾಬುದನಿಗೆ ಎಣಿಸುವ ತಾಪತ್ರಯವೇ ಇರಲಿಲ್ಲ. ಕಾಫಿ ಅಂಗಡಿಗೆ ಬಂದ ಹೊಸಬರು ಕೇಳಿದಾಗಲೆಲ್ಲ, "ನಂಗೆ ಮಕ್ಕಳಿಲ್ಲಪ್ಪ. ಐದು ಹೆಣ್ಣಿವೆ ಅಷ್ಟೆ" ಅನ್ನುತ್ತಿದ್ದ. ಕೇಳಿದವರು ಪಾಪ ಎಂದುಕೊಂಡು ಒಂದು ಗ್ಲಾಸು ರಕಿಯಾ ಕೊಡಿಸುತ್ತಿದ್ದರು. ಐದು ಹೆಣ್ಣುಗಳ ಹೆಸರು ಹೇಳಿಕೊಂಡು ಆ ಮನುಷ್ಯ ಕುಡಿದ ದ್ರಾಕ್ಷಿ ಸಾರಾಯಿಯಲ್ಲಿ ಒಂದು ಕತ್ತೆಯನ್ನು ಮುಳುಗಿಸಬಹುದಿತ್ತು.

ಐದನೆಯವಳು ಸ್ಟಾಂಕಾ. ಹಾಗೆಂದರೆ ನಿಲ್ಲು ಅಂತ. ಹೆಣ್ಣು ಹುಟ್ಟುವುದು ಇಲ್ಲಿಗೆ ನಿಲ್ಲಲಿ ಎಂದು ಇಡುವ ಹೆಸರು. ಕನ್ನಡದ ಕಡೆ ಸಾಕಮ್ಮ ಅಂತ ಇಡುವುದಿಲ್ಲವೇ, ಹಾಗೆ. ಹೆಸರು ಫಲ ಕೊಟ್ಟಿತು ಎನ್ನಬೇಕು, ಅವಳ ನಂತರ ಹೆಣ್ಣು ಹುಟ್ಟಲಿಲ್ಲ. ಗಂಡೂ ಹುಟ್ಟಲಿಲ್ಲ. ಮಗ ಹುಟ್ಟಿದರೆ ಆಕಾಶಕ್ಕೆ ಹಾರಿಸಲೆಂದು ತುಂಬಿಟ್ಟಿದ್ದ ಬಂದೂಕನ್ನು ಲಾಬುದ್ ಆ ದಿನ ಖಾಲಿ ಮಾಡಿ ಗೋಡೆಗೆ ನೇತುಹಾಕಿದ. ಅದು ಮತ್ತೆ ಕೆಳಗಿಳಿಯಲಿಲ್ಲ.

ಮೇಲಿನ ನಾಲ್ವರು ಮದುವೆಯಾಗಿ ಕರಾವಳಿಯ ಊರುಗಳಿಗೆ ಹೋದರು. ಸ್ಟಾಂಕಾಳನ್ನು ಯಾರೂ ಕೇಳಿಕೊಂಡು ಬರಲಿಲ್ಲ. ಅವಳು ಎತ್ತರದ ಹೆಣ್ಣು, ಅಗಲ ಭುಜ, ಮೊರದಂಥ ಕೈ. ತಾಯಿ ತೀರಿಕೊಂಡ ವರ್ಷವೇ ಲಾಬುದನಿಗೆ ಲಕ್ವ ಹೊಡೆದು ಎಡಗಡೆ ಬಿದ್ದುಹೋಯಿತು. ಆಮೇಲಿನ ಆರು ವರ್ಷ ಅವನಿಗೆ ತುತ್ತು ಕೊಟ್ಟವಳು, ಗಡ್ಡ ಹೆರೆದವಳು, ಮಗ್ಗುಲು ಬದಲಿಸಿದವಳು ಇವಳೇ. ಮಕ್ಕಳಿಲ್ಲ ಅನ್ನುವ ಬಾಯಿಗೆ ದಿನಕ್ಕೆ ಮೂರು ಹೊತ್ತು ಚಮಚ ಹಿಡಿದಳು. ಅವನ ನಾಲಿಗೆಗೆ ಲಕ್ವ ಹೊಡೆದಿರಲಿಲ್ಲ, ಅದೊಂದು ದುರದೃಷ್ಟ. ಗಂಜಿ ಬಿಸಿಯಾಯಿತು, ಕಾಫಿ ತಣ್ಣಗಾಯಿತು, ಕ್ಷೌರದ ಕತ್ತಿ ಮೊಂಡಾಯಿತು ಎಂದು ದಿನವಿಡೀ ಬೈಯುತ್ತಿದ್ದ.

ಹೊಟ್ಟೆಪಾಡಿಗೆ ಅವಳು ಊರಿನ ಫುಟ್ಬಾಲ್ ಕ್ಲಬ್ಬಿನಲ್ಲಿ ಗಂಡಸರ ಅಂಗಿ ಚಡ್ಡಿ ಒಗೆಯುತ್ತಿದ್ದಳು. ಕ್ಲಬ್ಬಿನ ಅಧ್ಯಕ್ಷ ವೂಕ್ಸಾನ್, ಲಾಬುದನ ಅಣ್ಣನ ಮಗ, ಪೆಟ್ರೋಲ್ ಬಂಕಿನ ಯಜಮಾನ. ಗಂಡಸರ ತಂಡ ಮೊದಲನೆಯ ದರ್ಜೆಗೆ ಏರಿದ ವರ್ಷ ರಾಜಧಾನಿಯಿಂದ ಒಂದು ಕಾಗದ ಬಂತು. ಮೊದಲನೆಯ ದರ್ಜೆಯ ಪರವಾನಗಿ ಬೇಕಿದ್ದರೆ ಕ್ಲಬ್ಬಿಗೆ ಹೆಂಗಸರ ತಂಡವೂ ಇರಬೇಕು, ಅದು ರಾಷ್ಟ್ರೀಯ ಮಹಿಳಾ ಲೀಗನ್ನು ಕೊನೆಯತನಕ ಆಡಿರಬೇಕು. ಮೂರು ಪಂದ್ಯಕ್ಕೆ ಗೈರಾದರೆ ಹೆಂಗಸರೂ ಹೊರಗೆ, ಅವರ ಹಿಂದೆಯೇ ಗಂಡಸರೂ ಹೊರಗೆ. ವೂಕ್ಸಾನ್ ಕಾಗದವನ್ನು ಎರಡು ಸಲ ಓದಿ, ಶಾಲೆಯ ಡ್ರಿಲ್ ಮಾಸ್ತರ್ ಬ್ಲಾಜೊನನ್ನು ಕರೆಸಿ, "ಹೆಂಗಸ್ರು ಬೇಕಂತೆ ಮಾರಾಯ, ಎಲ್ಲಿಂದಾದ್ರೂ ಹಿಡ್ಕೊಂಡ್ ಬಾ" ಎಂದ.

ಬ್ಲಾಜೊ ಹೈಸ್ಕೂಲಿನ ಹದಿಮೂರು ಹುಡುಗಿಯರನ್ನು ಹಿಡಿದುಕೊಂಡು ಬಂದ. ಗೋಲಿಗೆ ಯಾರೂ ಸಿಗಲಿಲ್ಲ. ಒದ್ದೆ ಬಟ್ಟೆಯ ಬುಟ್ಟಿ ಹೊತ್ತು ಹೋಗುತ್ತಿದ್ದ ಸ್ಟಾಂಕಾಳ ಕೈ ಅವನ ಕಣ್ಣಿಗೆ ಬಿತ್ತು. ಅವಳಿಗಾಗ ಮೂವತ್ತನಾಲ್ಕು. ಚೆಂಡನ್ನು ಅದುವರೆಗೆ ಮುಟ್ಟಿದ್ದೇನಿದ್ದರೂ ಒಗೆಯಲು ಕೊಟ್ಟ ಚೀಲದಲ್ಲಿ ತಪ್ಪಿ ಬಂದಾಗ.

ದೇಶ ಸಣ್ಣದು, ಲೀಗಿನಲ್ಲಿ ಇದ್ದವು ಎಂಟೇ ತಂಡ. ರಾಜಧಾನಿಯ ಹುಡುಗಿಯರು ವಾರಕ್ಕೆ ಐದು ದಿನ ಅಭ್ಯಾಸ ಮಾಡುವವರು. ನಮ್ಮವರಿಗೆ ಗಂಡಸರು ಮೈದಾನ ಬಿಟ್ಟ ಮೇಲೆ, ಕತ್ತಲಾಗುವ ಮುಂಚೆ, ಅರ್ಧ ಗಂಟೆ. ಮೊದಲ ಪಂದ್ಯ ಸೊನ್ನೆ ಹನ್ನೊಂದು. ಎರಡನೆಯದು ಸೊನ್ನೆ ಹದಿನಾರು. ಮೂರನೆಯದು ಸೊನ್ನೆ ಇಪ್ಪತ್ತಮೂರು. ಕಾಫಿ ಅಂಗಡಿಯ ಗಂಡಸರಿಗೆ ಅಷ್ಟು ಸಾಕಾಯಿತು. ಸ್ಟಾಂಕಾ ಬ್ರೆಡ್ಡು ತರಲು ಹೊರಟರೆ, "ಏ, ಬಾಗಿಲು ಹಾಕ್ಕೊಂಡ್ ಬಂದ್ಯಾ, ಇಲ್ಲ ಅದೂ ತೆರ್ದೇ ಇದ್ಯಾ?" ಎಂದು ಕೂಗುತ್ತಿದ್ದರು. "ಲಾಬುದ್ ನಿಲ್ಲು ಅಂದ್ರೆ ದೇವರಾದ್ರೂ ಕೇಳ್ದ, ಚೆಂಡು ಕೇಳಲ್ಲ ನೋಡು" ಎಂದು ಇನ್ನೊಬ್ಬ. ಅವಳು ಬ್ರೆಡ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ತಲೆತಗ್ಗಿಸಿ ನಡೆಯುತ್ತಿದ್ದಳು. ಸೋತು ಬಂದ ದಿನ ಮನೆಯಲ್ಲಿ ಅಪ್ಪ ಏನೂ ಕೇಳುತ್ತಿರಲಿಲ್ಲ. ಅವನ ಮಂಚ ಇದ್ದದ್ದು ಕಿಟಕಿಯ ಪಕ್ಕ, ಕಿಟಕಿಯಿಂದ ಮೈದಾನ ಕಾಣುತ್ತಿತ್ತು. ಊರಿನ ಪಂದ್ಯದ ದಿನ ಅವನು ಪರದೆ ಎಳೆಸಿಕೊಂಡು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ.

ಆದರೂ ಅವಳು ಬಿಡಲಿಲ್ಲ. ಯಾಕೆ ಎಂದು ಕೇಳಿದರೆ ಅವಳಿಗೂ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ಆ ಹುಡುಗಿಯರು ಅವಳನ್ನು ಅಕ್ಕ ಎನ್ನುತ್ತಿದ್ದರು, ಅದು ಒಂದು. ಅವಳಿಗೆ ಹಾರಲು ಬರುತ್ತದೆ ಎಂಬುದು ಅವಳಿಗೇ ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಗೊತ್ತಾಗಿತ್ತು, ಅದು ಇನ್ನೊಂದು. ಇಪ್ಪತ್ತಮೂರು ಬಿಟ್ಟ ದಿನ ಹತ್ತೊಂಬತ್ತು ತಡೆದಿದ್ದಳು. ತಡೆದದ್ದನ್ನು ಬರೆದುಕೊಳ್ಳುವ ಪುಸ್ತಕ ಯಾರ ಬಳಿಯೂ ಇರಲಿಲ್ಲ.

ಚಳಿಗಾಲದಲ್ಲಿ ಒಮ್ಮೆ ಹಿಮ ಬಿದ್ದು ಬಸ್ಸು ಕಣಿವೆಯಲ್ಲೇ ನಿಂತುಹೋಯಿತು. ಒಂದು ಗೈರು. ಮಾರ್ಚಿನಲ್ಲಿ ಜ್ವರ ಬಂದು ಆರೇ ಜನ ಉಳಿದರು. ಏಳು ಜನರಿಲ್ಲದೆ ಆಟ ಇಲ್ಲ ಎಂಬುದು ನಿಯಮ. ಎರಡನೆಯ ಗೈರು. ಹುಡುಗಿಯರು ಒಬ್ಬೊಬ್ಬರಾಗಿ ಉದುರಿದರು. ಒಬ್ಬಳಿಗೆ ಪರೀಕ್ಷೆ, ಒಬ್ಬಳಿಗೆ ನಿಶ್ಚಿತಾರ್ಥ, ಒಬ್ಬಳ ಅಪ್ಪನಿಗೆ ಕಾಫಿ ಅಂಗಡಿಯಲ್ಲಿ ತಲೆ ಎತ್ತಲಾಗುತ್ತಿಲ್ಲವಂತೆ. ಮೇ ತಿಂಗಳ ಕೊನೆಯ ಪಂದ್ಯಕ್ಕೆ ಉಳಿದವರು ಸರಿಯಾಗಿ ಏಳು, ಸ್ಟಾಂಕಾಳೂ ಸೇರಿ. ಹೊಸಬರ ಹೆಸರು ಸೇರಿಸುವ ಗಡುವು ಎಂದೋ ಮುಗಿದಿತ್ತು.

ಆ ವಾರದ ಬುಧವಾರ ಸಂಜೆ ಅವಳು ಅಪ್ಪನಿಗೆ ಹಾಲಿನಲ್ಲಿ ನೆನೆಸಿದ ಬ್ರೆಡ್ಡು ತಿನ್ನಿಸುತ್ತಿದ್ದಳು. ಅವನು ಎರಡು ದಿನದಿಂದ ಇಳಿದುಹೋಗಿದ್ದ, ಡಾಕ್ಟರು ಬಂದು ತಲೆ ಅಲ್ಲಾಡಿಸಿ ಹೋಗಿದ್ದರು. ಮೂರು ಚಮಚ ಆದ ಮೇಲೆ ಅವನು ಇದ್ದಕ್ಕಿದ್ದಂತೆ ಕೇಳಿದ.

"ಶನಿವಾರ ನಿಂದು ಆಟ ಇದ್ಯಂತೆ?"

ಅವಳ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. "ಹೂಂ ಅಪ್ಪ, ಇಲ್ಲೇ, ನಮ್ಮೂರಲ್ಲೇ. ಕೊನೇದು."

"ಎಷ್ಟೊತ್ತಿಗೆ?"

"ಎರಡಕ್ಕೆ ಶುರು. ನಾಲ್ಕಕ್ಕೆಲ್ಲ ಮುಗಿಯತ್ತೆ."

ಅವನು ಹೂಂ ಎಂದು ಬಾಯಿ ತೆರೆದ. ಅವಳು ನಾಲ್ಕನೆಯ ಚಮಚ ಕೊಟ್ಟಳು. ಆ ರಾತ್ರಿ ನಾಲ್ಕು ಊರುಗಳ ನಾಲ್ಕು ಅಕ್ಕಂದಿರಿಗೂ ಫೋನು ಮಾಡಿ, ಅಪ್ಪ ನನ್ನ ಆಟದ ಬಗ್ಗೆ ಕೇಳಿದ ಎಂದು ಹೇಳಿದಳು. ಹಿರಿಯಕ್ಕ ಮಿಲುಶಾ, "ಹೋಗೋ ಕಾಲಕ್ಕೆ ಬುದ್ಧಿ ಬಂತೇನೋ ಬಿಡು" ಎಂದಳು.

ಗುರುವಾರ ಬೆಳಗಿನ ಜಾವ ಲಾಬುದ್ ಹೋದ.

ಸಾವಿನ ಮನೆಯ ವ್ಯವಸ್ಥೆಯೆಲ್ಲ ವೂಕ್ಸಾನನದು. ಗಂಡುಮಕ್ಕಳಿಲ್ಲದವನಿಗೆ ಅಣ್ಣನ ಮಗನೇ ಮಗ. ಸಂತಾಪ ಹೇಳಲು ಬಂದವರ ಕೈ ಹಿಡಿಯಲು ಅಂಗಳದಲ್ಲಿ ಸಾಲಾಗಿ ನಿಲ್ಲುವವರು ಗಂಡಸರು. ಹೆಂಗಸರು ಒಳಗೆ, ಕಪ್ಪು ವಸ್ತ್ರ ಕಟ್ಟಿಕೊಂಡು, ಹಾಡಿಕೊಂಡು ಅಳುವವರು. ಹೆಣ ಎತ್ತುವ ಹೊತ್ತು ಗೊತ್ತು ಮಾಡುವವರೂ ಗಂಡಸರೇ, ಒಳಗಿನವರಿಗೆ ಅದು ತಿಳಿಯುವುದು ಎತ್ತುವಾಗಲೇ. ಹೆಣ ಹೊರಟ ಮೇಲೆ ಹೆಂಗಸರು ಹೊಸಲು ದಾಟುವುದಿಲ್ಲ, ಸ್ಮಶಾನದ ಗುಡ್ಡ ಹತ್ತುವುದಿಲ್ಲ. ಮಾರನೆಯ ದಿನ ಬೆಳಿಗ್ಗೆ ಕಾಫಿ, ರಕಿಯಾ ತೆಗೆದುಕೊಂಡು ಹೋಗಬಹುದು. ಅಷ್ಟು ಹೊತ್ತಿಗೆ ಅಲ್ಲಿ ಮಣ್ಣಿನ ದಿಬ್ಬ ಬಿಟ್ಟರೆ ಏನೂ ಇರುವುದಿಲ್ಲ.

ಗುರುವಾರ ಮಧ್ಯಾಹ್ನ ಸ್ಟಾಂಕಾ ಅಂಗಳಕ್ಕೆ ಬಂದು ವೂಕ್ಸಾನನ ಎದುರು ನಿಂತಳು.

"ಅಣ್ಣ, ನಾನು ಮೇಲಕ್ಕೆ ಬರ್ತೀನಿ. ಮೊದಲ ಹಿಡಿ ಮಣ್ಣು ನಾನು ಹಾಕ್ತೀನಿ."

ಸಾಲಿನಲ್ಲಿದ್ದ ಗಂಡಸರು ಅವರವರ ಬೂಟು ನೋಡಿಕೊಂಡರು. ವೂಕ್ಸಾನ್ ಮೆಲ್ಲಗೆ, "ಒಳಗ್ ಹೋಗು ತಂಗಿ. ಜನ ನೋಡ್ತಿದಾರೆ" ಎಂದ.

"ಆರು ವರ್ಷ ಅವನ ಬಾಯಿಗೆ ಹಾಕಿದ್ದು ಈ ಕೈ. ಮಣ್ಣು ಹಾಕಕ್ಕೆ ಈ ಕೈ ಆಗಲ್ವಾ?"

"ನಿಮ್ಮಜ್ಜ ಸತ್ತಾಗ ನಿಮ್ಮಜ್ಜಿ ಹೋಗಿದ್ಲಾ? ಇಲ್ಲ. ಹೋಗು ಒಳಗೆ."

ಅಕ್ಕಂದಿರು ಬಂದು ಅವಳನ್ನು ತೋಳು ಹಿಡಿದು ಕರೆದುಕೊಂಡು ಹೋದರು. "ಅಲ್ಲಿ ಹೋಗಿ ಏನ್ ಕಡಿತೀಯೆ, ಕಲ್ಲೂ ಮುಳ್ಳೂ" ಎಂದು ಮಿಲುಶಾ ಗದರಿದಳು.

ಶುಕ್ರವಾರ ಸಂಜೆ ವೂಕ್ಸಾನನ ಮುಖ ಬದಲಾಗಿತ್ತು. ಬ್ಲಾಜೊ ಬಂದು ಬೆರಳು ಎಣಿಸಿ ತೋರಿಸಿದ್ದ. ಸ್ಟಾಂಕಾ ಇಲ್ಲದೆ ಆರು. ಆರು ಅಂದರೆ ಮೂರನೆಯ ಗೈರು. ಮೂರನೆಯ ಗೈರು ಅಂದರೆ ಗಂಡಸರ ತಂಡ ಮಣ್ಣುಪಾಲು. ಪಂದ್ಯ ಮುಂದಕ್ಕೆ ಹಾಕಿ ಎಂದು ರಾಜಧಾನಿಗೆ ಫೋನು ಮಾಡಿದರೆ, ಆಟಗಾರ್ತಿಯ ಸ್ವಂತ ಸಾವು ಅಲ್ಲವಲ್ಲ ಎಂದರಂತೆ. ಹೆಂಗಸರ ಕೋಣೆಗೆ ಎಂದೂ ಕಾಲಿಡದ ವೂಕ್ಸಾನ್ ಅಂದು ಬಾಗಿಲಲ್ಲಿ ಟೋಪಿ ಹಿಡಿದು ನಿಂತು ತಂಗಿಯನ್ನು ಹೊರಗೆ ಕರೆದ.

"ನಾಳೆ ನೀನು ಆಡ್ಬೇಕು. ಹೆಂಗಿದ್ರೂ ಹೆಂಗಸ್ರು ಮೇಲಕ್ಕೆ ಬರಲ್ಲ. ಮನೇಲ್ ಕೂತು ಮಾಡೋದೇನು?"

ಸ್ಟಾಂಕಾ ಒಳಗೆ ಹೋಗಲು ತಿರುಗಿದಳು. ಅವನು ದನಿ ಇಳಿಸಿದ.

"ಆಯ್ತು, ಕೇಳಿಲ್ಲಿ. ಆಟ ನಾಲ್ಕಕ್ಕೆ ಮುಗಿಯತ್ತೆ. ಹೆಣ ಐದಕ್ಕೆ ಎತ್ತಿಸ್ತೀನಿ. ನೀನು ನನ್ ಪಕ್ಕದಲ್ ನಿಂತ್ಕೊ. ಮೊದಲ ಹಿಡಿ ನೀನೇ ಹಾಕು. ಯಾರಾದ್ರೂ ಬಾಯ್ ಬಿಟ್ರೆ ನಾನಿದೀನಿ."

"ಪಾದ್ರಿ?"

"ಪಾದ್ರಿ ಕಾರಿಗೆ ಪೆಟ್ರೋಲ್ ಹಾಕೋನು ನಾನೇ."

"ಅಪ್ಪನ ಮೇಲೆ ಆಣೆ ಇಡು."

ವೂಕ್ಸಾನ್ ಒಳಗಿನ ಕೋಣೆಯಲ್ಲಿ ಮಲಗಿದ್ದ ಹೆಣದ ಕಡೆ ತಿರುಗಿ ಎದೆಯ ಮೇಲೆ ಶಿಲುಬೆ ಎಳೆದುಕೊಂಡ. ಮೂಗಿಗೆ ತುಪ್ಪ ಸವರುವುದನ್ನು ಅವನಿಂದ ಕಲಿಯಬೇಕು. ಆದರೆ ಅವಳಿಗೆ ಆ ಹೊತ್ತಿನಲ್ಲಿ ಅವನು ದೇವರ ಹಾಗೆ ಕಂಡ. ಮೊರದಂಥ ಎರಡು ಕೈಯಲ್ಲಿ ಅವನ ಕೈ ಹಿಡಿದು ಅತ್ತಳು.

ಶನಿವಾರ ಒಂದು ಗಂಟೆಗೆ ವೂಕ್ಸಾನ್ ತಾನೇ ಕಾರು ತಂದ. ಪೇಟೆಯ ಬೀದಿ ಬಿಟ್ಟು ಹಳ್ಳದ ಪಕ್ಕದ ಹಿಂದಿನ ದಾರಿಯಲ್ಲಿ ಓಡಿಸಿದ. ಸಾವಿನ ಮನೆಯವಳು ಪೇಟೆಯಲ್ಲಿ ಕಾಣಿಸಿಕೊಳ್ಳುವುದು ಚೆನ್ನಾಗಿರಲ್ಲ ಎಂದ. ಅವಳು ಕಪ್ಪು ಉಡುಪು ಬಿಚ್ಚಿ, ಹಳದಿ ಅಂಗಿ ಹಾಕಿ, ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡಳು. ಎದುರಿಗೆ ರಾಜಧಾನಿಯ ಹನ್ನೊಂದು ಹುಡುಗಿಯರು, ಹಿಂದೆ ಮೀಸಲು ಏಳು. ಇತ್ತ ಏಳೇ. ನೋಡಲು ಬಂದವರು ಹತ್ತು ಹನ್ನೆರಡು ಹೆಂಗಸರು, ಒಬ್ಬ ಗಂಡಸೂ ಇಲ್ಲ. ಎಲ್ಲರೂ ತನ್ನ ಮನೆಯ ಅಂಗಳದಲ್ಲಿ ಐದು ಗಂಟೆಗಾಗಿ ಕಾಯುತ್ತಿದ್ದಾರೆ ಎಂದುಕೊಂಡಳು.

ಮೊದಲರ್ಧ ಸೊನ್ನೆ ಎಂಟು. ಏಳು ಜನ ಹನ್ನೊಂದು ಜನರ ಎದುರು ಓಡಿದ್ದಕ್ಕೆ ಅದು ಕಡಿಮೆಯೇ. ಹದಿನೈದು ವರ್ಷದ ಆಂಜಾಳ ಮೊಣಕಾಲು ಒಡೆದು ಕಾಲುಚೀಲದವರೆಗೆ ರಕ್ತ ಇಳಿದಿತ್ತು. ಅವಳು ಹೊರಗೆ ಹೋಗುವಂತಿರಲಿಲ್ಲ, ಯಾರೂ ಹೋಗುವಂತಿರಲಿಲ್ಲ. ಬ್ಲಾಜೊ ಗಾಯದ ಮೇಲೆ ರಕಿಯಾ ಸುರಿದು ಕರವಸ್ತ್ರ ಕಟ್ಟಿದ.

ಮೂರು ಗಂಟೆಗೆ ದ್ವಿತೀಯಾರ್ಧ. ಗೋಲು ಬದಲಾಗಿ ಸ್ಟಾಂಕಾ ಗುಡ್ಡದ ಕಡೆಯ ತುದಿಗೆ ಬಂದಳು. ಎರಡೇ ನಿಮಿಷಕ್ಕೆ ಒಂಬತ್ತನೆಯದು ಒಳಗೆ ಹೋಯಿತು. ಬಲೆ ಹರಿದಿದ್ದರಿಂದ ಚೆಂಡು ಉರುಳಿ ಹಿಂದಿನ ದೀಪದ ಕಂಬದ ಬುಡಕ್ಕೆ ಹೋಗಿ ನಿಂತಿತು. ಅದನ್ನು ತರಲು ಬೇರೆ ಯಾರಿದ್ದಾರೆ, ಅವಳೇ ಹೋದಳು. ಬಗ್ಗಿ ಚೆಂಡು ಎತ್ತಿಕೊಂಡು ತಲೆ ಎತ್ತಿದರೆ ಕಂಬದಲ್ಲಿ ಅಪ್ಪ ಇದ್ದ.

ನಮ್ಮ ಊರಿನಲ್ಲಿ ಸತ್ತವರನ್ನು ಕಂಬಕ್ಕೆ, ಮರಕ್ಕೆ ಅಂಟಿಸುತ್ತಾರೆ. ಕಪ್ಪು ಅಂಚಿನ ಕಾಗದ, ಮೇಲೆ ಶಿಲುಬೆ, ಫೋಟೊ. ಗುರುತಿನ ಚೀಟಿಯ ಹತ್ತು ವರ್ಷ ಹಿಂದಿನ ಅಪ್ಪ ಅವಳನ್ನು ಸಿಡುಕಿನಿಂದ ನೋಡುತ್ತಿದ್ದ. ಕೆಳಗೆ ದುಃಖತಪ್ತರು ಎಂದು ಬರೆದು, ಅಣ್ಣನ ಮಗ ವೂಕ್ಸಾನ್, ವೂಕ್ಸಾನನ ಮೂರು ಗಂಡುಮಕ್ಕಳ ಹೆಸರು, ದಾಯಾದಿಗಳ ಹೆಸರು, ಎಲ್ಲ ಮುಗಿದ ಮೇಲೆ ಹೆಸರಿಲ್ಲದೆ ಹೆಣ್ಣುಮಕ್ಕಳು ಎಂದಷ್ಟೆ. ಅದಕ್ಕೆ ಅವಳಿಗೆ ನೋವಾಗಲಿಲ್ಲ, ಅದು ಅಭ್ಯಾಸವಾಗಿತ್ತು. ಅದರ ಕೆಳಗಿನ ಸಾಲು ಓದಿದಳು. ಶವಯಾತ್ರೆ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ.

ಅಷ್ಟರಲ್ಲಿ ಇಗರ್ಜಿಯ ಗಂಟೆ ಹೊಡೆಯತೊಡಗಿತು.

ಅವಳು ಚೆಂಡು ಕೆಳಗೆ ಹಾಕಿ ಬೇಲಿಯ ಕಡೆ ನಡೆದಳು. ಅಂಚಿನಲ್ಲಿ ನಿಂತಿದ್ದ ಬ್ಲಾಜೊ ಓಡಿಬಂದ. ಅವನ ಮುಖ ನೋಡಿದರೆ ಅವನಿಗೆ ಎಲ್ಲ ಗೊತ್ತಿತ್ತು ಎಂದು ಯಾರಾದರೂ ಹೇಳಬಹುದಿತ್ತು.

"ಎಲ್ಲಿಗ್ ಹೋಗ್ತೀಯ? ಸ್ಮಶಾನದ ಗೇಟಲ್ಲೇ ತಿರುಗಿಸಿ ಕಳಿಸ್ತಾರೆ, ಗೊತ್ತಲ್ಲ ನಿಂಗೆ. ಅಲ್ಲೂ ಇಲ್ಲ, ಇಲ್ಲೂ ಇಲ್ಲ ಅಂತಾಗ್ಬೇಡ."

"ಬಿಡಿ ಮಾಸ್ತರೆ, ದಾರಿ ಬಿಡಿ."

ರೆಫರಿ ಶಿಳ್ಳೆ ಬಾಯಲ್ಲಿಟ್ಟುಕೊಂಡು ಗಡಿಯಾರ ನೋಡುತ್ತಿದ್ದ. ಆಂಜಾ ಕುಂಟುತ್ತಾ ಬಂದಳು.

"ಅಕ್ಕ, ನೀನು ಹೋದ್ರೆ ಆಟ ನಿಲ್ಲತ್ತಾ?"

"ನಿಲ್ಲತ್ತೆ ಕಣೆ."

ಹುಡುಗಿ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡಳು. "ಹಂಗಾದ್ರೆ ಇಷ್ಟು ದಿನ ಹೊಡೆಸ್ಕೊಂಡಿದ್ದೆಲ್ಲಾ ದಂಡಾನಾ?"

ಅವಳ ಹಿಂದೆ ಉಳಿದ ಐವರೂ ನಿಂತಿದ್ದರು. ಯಾರೂ ಬೇಡಿಕೊಳ್ಳಲಿಲ್ಲ. ಅವರಿಗೂ ಊರಿನಲ್ಲಿ ಅಪ್ಪಂದಿರಿದ್ದರು, ಕಾಫಿ ಅಂಗಡಿಯಿತ್ತು. ಆದರೂ ಆ ಆರು ಜನ ಒಂದು ಪಂದ್ಯವನ್ನೂ ಅರ್ಧಕ್ಕೆ ಬಿಟ್ಟು ಹೋಗಿರಲಿಲ್ಲ. ಸ್ಟಾಂಕಾ ಗುಡ್ಡವನ್ನು ಒಮ್ಮೆ ನೋಡಿದಳು, ಹುಡುಗಿಯ ಮೊಣಕಾಲನ್ನು ಒಮ್ಮೆ ನೋಡಿದಳು. ತಿರುಗಿ ಬಂದು ಗೋಲಿನಲ್ಲಿ ನಿಂತಳು.

ಹತ್ತು ನಿಮಿಷದ ಮೇಲೆ ಮೆರವಣಿಗೆ ಗುಡ್ಡದ ದಾರಿಗೆ ಬಂತು. ಕಲ್ಲುಗಳ ನಡುವೆ ಕಪ್ಪು ಕೋಟುಗಳ ಸಾಲು, ನಾಲ್ವರ ಹೆಗಲ ಮೇಲೆ ಪೆಟ್ಟಿಗೆ, ಪೆಟ್ಟಿಗೆಯ ಹಿಂದೆ ಮೊದಲನೆಯವನು ವೂಕ್ಸಾನ್. ಸುಹೊದೋಲಿನ ಗಂಡಸರೆಲ್ಲ ಅಲ್ಲಿದ್ದರು. ಅವಳು ಮೈದಾನಕ್ಕೆ ಬೆನ್ನು ಹಾಕಿ, ಗೋಲಿನ ಕಂಬ ಹಿಡಿದು ನೋಡುತ್ತ ನಿಂತಳು. ಮೈದಾನದ ಆಚೆಯಿಂದ ರಾಜಧಾನಿ ತಂಡದ ತರಬೇತುದಾರ, "ಅವ್ಳು ನೋಡ್ತಿಲ್ಲ, ಅಲ್ಲಿಂದ್ಲೇ ಹೊಡಿ" ಎಂದು ಕೂಗಿದ. ಚೆಂಡು ಅವಳ ಸೊಂಟದ ಪಕ್ಕದಿಂದ ಹಾದು ಹರಿದ ಬಲೆಯಿಂದ ಹೊರಬಿದ್ದು ಮತ್ತೆ ಕಂಬದ ಬುಡಕ್ಕೆ, ಅಪ್ಪನ ಫೋಟೊದ ಕೆಳಗೆ ಹೋಯಿತು. ಹೊಡೆದವಳು ಆ ವರ್ಷ ಅತಿ ಹೆಚ್ಚು ಗೋಲು ಹೊಡೆದವಳ ಬಹುಮಾನಕ್ಕೆ ಕಣ್ಣಿಟ್ಟಿದ್ದವಳು. ಕೈ ಎತ್ತಿ ಕುಣಿದಳು. ಅವಳನ್ನು ದೂರಿ ಫಲವಿಲ್ಲ, ಅವಳಿಗೆ ಗುಡ್ಡದ ಮೇಲೆ ಯಾರೂ ಇರಲಿಲ್ಲ.

ಮೇಲೆ ಪೆಟ್ಟಿಗೆ ಇಳಿಯಿತು. ವೂಕ್ಸಾನ್ ಬಗ್ಗಿದ, ನೆಟ್ಟಗಾದ, ಕೈ ಝಾಡಿಸಿಕೊಂಡ. ಅಷ್ಟು ದೂರದಿಂದಲೂ ಅವಳಿಗೆ ಅದು ಕಂಡಿತು. ಆಮೇಲೆ ಅವಳು ಮೈದಾನದ ಕಡೆ ತಿರುಗಿದಳು. ಉಳಿದ ಹೊತ್ತಿನಲ್ಲಿ ಅವಳು ಹಾರಿದ್ದನ್ನು ನೋಡಿದ ಹೆಂಗಸರು ಈಗಲೂ ಅದನ್ನು ಹೇಳುತ್ತಾರೆ. ಕೊನೆಗೆ ಸೊನ್ನೆ ಹತ್ತೊಂಬತ್ತು. ಆಟ ಪೂರ್ತಿಯಾಯಿತು, ಪರವಾನಗಿ ಉಳಿಯಿತು.

ಗಂಡಸರು ಸ್ಮಶಾನದಿಂದ ನೇರ ಮೈದಾನಕ್ಕೆ ಇಳಿದರು. ಬಾಯಲ್ಲಿ ರಕಿಯಾದ ವಾಸನೆ, ಕೋಟಿನ ತೋಳಿನಲ್ಲಿ ಕಪ್ಪು ಪಟ್ಟಿ. ಅಂಗಳದಲ್ಲಿ ನಿಂತ ಅಭ್ಯಾಸದಲ್ಲೋ ಏನೋ, ತಾವಾಗಿಯೇ ಸಾಲಾದರು. ಒಬ್ಬೊಬ್ಬರಾಗಿ ಸ್ಟಾಂಕಾಳ ಮುಂದೆ ಬಂದು ಕೈ ಹಿಡಿದು ಕುಲುಕಿದರು. "ಭೇಷ್ ಸ್ಟಾಂಕಾ." "ಊರಿನ ಮಾನ ಉಳಿಸ್ದೆ ಕಣಮ್ಮ." "ಗಂಡ್ಸಿನ ಹಂಗೆ ನಿಂತೆ." ಬಾಗಿಲು ತೆರೆದಿದೆಯಾ ಎಂದು ಕೂಗುತ್ತಿದ್ದವನೂ ಬಂದು ಭೇಷ್ ಎಂದ. ನಲವತ್ತು ಜನ ಕೈ ಕುಲುಕಿದರು. ಅಪ್ಪ ಹೋದನಲ್ಲ ಎಂದು ಒಬ್ಬನೂ ಅನ್ನಲಿಲ್ಲ.

ಸಾಲಿನ ಕೊನೆಗೆ ವೂಕ್ಸಾನ್. ಅವನ ಉಗುರಿನಲ್ಲಿ ಇನ್ನೂ ಮಣ್ಣಿತ್ತು.

"ಐದು ಗಂಟೆ ಅಂದಿದ್ದೆ ನೀನು," ಎಂದಳು. "ಹೆಣದ ಮುಂದೆ ಆಣೆ ಇಟ್ಟಿದ್ದೆ."

"ನನ್ ಮೇಲೆ ಎಗರಾಡ್ಬೇಡ ತಂಗಿ." ಅವನು ಆಚೆ ಈಚೆ ನೋಡಿದ. ಬೈಗುಳ ತನ್ನ ಮೇಲೆ ಬೀಳುವುದು ಅವನಿಗೆ ಬೇಡವಾಗಿತ್ತು, ಅಷ್ಟೆ. ಅದಕ್ಕಾಗಿ ಸತ್ತವನನ್ನು ಮುಂದೆ ತಳ್ಳಿದ. "ಮೂರು ಗಂಟೆ ಅಂತ ಗೊತ್ತು ಮಾಡಿದ್ದು ನಾನಲ್ಲ. ಚಿಕ್ಕಪ್ಪನೇ. ಬುಧವಾರ ರಾತ್ರಿ ಅಷ್ಟೊತ್ನಲ್ಲಿ ನನ್ನ ಕರೆಸ್ಕೊಂಡ. ನೀನು ಪಾತ್ರೆ ತೊಳಿತಿದ್ದೆ ಆಗ."

"ಸುಳ್ಳು."

"ನಾನ್ ಸತ್ರೆ ಅವ್ಳು ಗುಡ್ಡ ಹತ್ತಿ ರಂಪ ಮಾಡ್ತಾಳೆ, ಹೆಣ್ಣಿನ ಕೈಲಿ ಮಣ್ಣು ಹಾಕಿಸ್ಕೊಂಡ ಅಂತ ಊರು ನಗತ್ತೆ, ಆಟದ ಹೊತ್ತಿಗೇ ನನ್ನ ಎತ್ತಿ ಅಂದ. ಎರಡಕ್ಕೆ ಶುರು ಆಗತ್ತಂತೆ, ಅವ್ಳೇ ಹೇಳಿದ್ಲು, ಮೂರಕ್ಕೆ ಎತ್ತಿ ಅಂದ."

ಅವಳು ಮತ್ತೆ ಸುಳ್ಳು ಎನ್ನಲು ಬಾಯಿ ತೆರೆದಳು. ಆದರೆ ಎರಡು ಗಂಟೆ ಎಂದು ಅವಳು ಯಾರಿಗೆ ಹೇಗೆ ಹೇಳಿದ್ದಳು ಎಂಬುದು ಅವಳಿಗೆ ಚೆನ್ನಾಗಿ ನೆನಪಿತ್ತು. ಎತ್ತಿದ ಚಮಚವೂ, ಅದರಿಂದ ತೊಟ್ಟಿಕ್ಕಿದ ಹಾಲೂ ನೆನಪಿತ್ತು. ನಾಲ್ಕು ಊರಿಗೆ ಫೋನು ಮಾಡಿ ಹೇಳಿಕೊಂಡಿದ್ದಳಲ್ಲ.

ವೂಕ್ಸಾನ್ ಅವಳ ಭುಜ ತಟ್ಟಿ, "ಮುಂದಿನ ವರ್ಷಕ್ಕೆ ನಿಮ್ಗೆ ಹೊಸ ಬಲೆ ತರಿಸ್ತೀನಿ" ಎಂದು ಹೋದ. ತರಿಸಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕಂದಿರು ಕಾಫಿಯ ಪಾತ್ರೆ, ರಕಿಯಾ ಬಾಟಲಿ, ಮೇಣದ ಬತ್ತಿ ತೆಗೆದುಕೊಂಡು ಗುಡ್ಡಕ್ಕೆ ಹೊರಟರು. "ಮೊನ್ನೆ ಅಷ್ಟು ಕುಣಿದ್ಯಲ್ಲ, ಈಗ ಬಾ, ಈಗ ಯಾರೂ ಬೇಡ ಅನ್ನಲ್ಲ" ಎಂದು ಮಿಲುಶಾ ಕರೆದಳು. ಸ್ಟಾಂಕಾ ಹಿತ್ತಲಿನಲ್ಲಿ ಏಳು ಅಂಗಿಗಳನ್ನು ನೆನೆಹಾಕಿಕೊಂಡು ಕೂತಿದ್ದಳು. ಆಂಜಾಳ ಕಾಲುಚೀಲದ ರಕ್ತ ಹೋಗುತ್ತಿರಲಿಲ್ಲ. ನೀವು ಹೋಗಿ ಬನ್ನಿ ಎಂದಳು.

ಈಗ ಅವಳಿಗೆ ನಲವತ್ತೊಂದು. ಇನ್ನೂ ಗೋಲಿನಲ್ಲಿ ನಿಲ್ಲುತ್ತಾಳೆ, ಇನ್ನೂ ಹೊಡೆಸಿಕೊಳ್ಳುತ್ತಾಳೆ, ಹೋದ ವರ್ಷ ಒಂದು ಪಂದ್ಯ ಸೊನ್ನೆ ನಾಲ್ಕಕ್ಕೆ ಸೋತು ಹುಡುಗಿಯರೆಲ್ಲ ಬಸ್ಸಿನಲ್ಲಿ ಹಾಡಿಕೊಂಡು ಬಂದರು. ಗುಡ್ಡದ ಕಡೆಯ ಗೋಲು ಬಂದಾಗ ಆಂಜಾ ಮೊದಲೇ ಹೋಗಿ ಕಂಬದಲ್ಲಿ ಹೊಸ ಕಾಗದ ಏನಾದರೂ ಇದೆಯೇ ನೋಡಿ ಬರುತ್ತಾಳೆ. ಅಪ್ಪನ ಸಮಾಧಿಗೆ ಮಾತ್ರ ಸ್ಟಾಂಕಾ ಇವತ್ತಿನವರೆಗೂ ಹೋಗಿಲ್ಲ.